ಮಗಳ ಕ್ಯಾಂಪಸ್ಸಲ್ಲಿ ಎಮರ್ಜೆನ್ಸಿ ಅಲರ್ಟ್ ಬಂದ್ರೆ ಇಲ್ಲಿಂದ ಫೋನ್ ಮಾಡ್ಬೋದಾ?

ಓದುಗರ ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂಎಸ್ ಓದ್ತಿದ್ದಾಳೆ. ಮೊನ್ನೆ ಅವಳ ಯೂನಿವರ್ಸಿಟಿಯಿಂದ ಬಂದ ಒಂದು ಸಾಲಿನ ಎಮರ್ಜೆನ್ಸಿ ಮೆಸೇಜ್ ಸ್ಕ್ರೀನ್‌ಶಾಟ್ ಕಳಿಸಿದ್ಲು, ಆಮೇಲೆ ಮುಕ್ಕಾಲು ಗಂಟೆ ಸುದ್ದಿನೇ ಇಲ್ಲ. ಏನಾಗಿದೆ ಅಂತ ಪೂರ್ತಿ ಯಾಕೆ ಬರೆಯಲ್ಲ ಇವ್ರು? ಪೇರೆಂಟ್ಸ್‌ಗೆ ಯಾಕೆ ತಿಳಿಸಲ್ಲ? ಆ ಹೊತ್ತಲ್ಲಿ ನಾವು ಫೋನ್ ಮಾಡ್ಬೋದಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಹೇಳ್ಬಿಡ್ತೀನಿ, ಕಾಲ್ ಮಾಡ್ಬೇಡಿ. ಎದೆ ಡವಡವ ಅಂತಿರುತ್ತೆ, ಗೊತ್ತು, ಆದ್ರೂ ಬೇಡ. ಆ ಹೊತ್ತಲ್ಲಿ ಅವಳು ಲೈಟ್ ಆರಿಸಿ ಬಾಗಿಲಿಗೆ ಟೇಬಲ್ ಅಡ್ಡ ಇಟ್ಟು ಇನ್ನೂ ಹತ್ತು ಜನರ ಜೊತೆ ನೆಲದ ಮೇಲೆ ಕೂತಿರ್ಬೋದು, ಅಂಥ ರೂಮಲ್ಲಿ ಫೋನ್ ಬರೀ ವೈಬ್ರೇಟ್ ಆದ್ರೂ ಹೊರಗಡೆ ಕೇಳ್ಸುತ್ತೆ, ಸಾಲದ್ದಕ್ಕೆ ಎಲ್ರ ಮನೆಯವ್ರೂ ಒಟ್ಟಿಗೆ ಕಾಲ್ ಮಾಡಿದ್ರೆ ಅಲ್ಲಿನ ನೆಟ್‌ವರ್ಕ್ ಜಾಮ್ ಆಗಿ 911ಗೆ, ಅಂದ್ರೆ ಅಲ್ಲಿನ ಎಮರ್ಜೆನ್ಸಿ ನಂಬರಿಗೆ, ಹೋಗ್ಬೇಕಾದ ಕಾಲ್‌ಗೂ ತೊಂದ್ರೆ. ಒಂದೇ ಒಂದು ವಾಟ್ಸಾಪ್ ಹಾಕಿ: "ನೋಡಿದ್ವಿ ಪುಟ್ಟಾ, ಪೊಲೀಸ್ರು ಹೇಳ್ದಂಗೆ ಮಾಡು, ಆದಾಗ ಒಂದಕ್ಷರ ಟೈಪ್ ಮಾಡು." ಅಷ್ಟು ಸಾಕು, ಉತ್ತರ ಬಂದಿಲ್ಲ ಅಂತ ಮತ್ತೆ ಮತ್ತೆ ಕಳಿಸ್ಬೇಡಿ.

ಇನ್ನು ಮೆಸೇಜ್ ಯಾಕೆ ಅಷ್ಟು ಚಿಕ್ಕದು ಅನ್ನೋದಕ್ಕೆ 2007ರ ಏಪ್ರಿಲ್ 16ಕ್ಕೆ ಹೋಗ್ಬೇಕು. ವರ್ಜೀನಿಯಾ ಟೆಕ್ ಅನ್ನೋ ಯೂನಿವರ್ಸಿಟಿ, ಬ್ಲ್ಯಾಕ್ಸ್‌ಬರ್ಗ್ ಅನ್ನೋ ಊರು. ಬೆಳಿಗ್ಗೆ ಸುಮಾರು 7:15ಕ್ಕೆ ಒಂದು ಹಾಸ್ಟೆಲ್‌ನಲ್ಲಿ ಇಬ್ರಿಗೆ ಗುಂಡು ಬಿತ್ತು. ಇದು ಪರಿಚಯದವರ ಮಧ್ಯದ ಜಗಳ, ಮಾಡಿದವ್ನು ಕ್ಯಾಂಪಸ್ ಬಿಟ್ಟು ಹೋಗಿದಾನೆ ಅಂತ ಪೊಲೀಸ್ರು ಅಂದ್ಕೊಂಡ್ರು. ಆಡಳಿತದವ್ರು ಎಂಟೂವರೆ ಹತ್ರ ಮೀಟಿಂಗ್ ಕೂತ್ರು, ಏನು ಬರೆಯೋದು, ಜನ ಗಾಬರಿ ಆಗ್ಬಿಟ್ರೆ ಅಂತ ಮಾತಾಡಿ ಮೊದಲ ಇಮೇಲ್ ಕಳ್ಸಿದ್ದು 9:26ಕ್ಕೆ. ಅದ್ರಲ್ಲೂ ಹಾಸ್ಟೆಲ್‌ನಲ್ಲಿ ಗುಂಡಿನ ಘಟನೆ ಆಗಿದೆ, ಪೊಲೀಸ್ರು ತನಿಖೆ ಮಾಡ್ತಿದಾರೆ, ಹುಷಾರಾಗಿರಿ ಅನ್ನೋ ಅರ್ಥದ ಮಾತಿತ್ತೇ ಹೊರತು ಇದ್ದಲ್ಲೇ ಬಾಗಿಲು ಹಾಕ್ಕೊಳ್ಳಿ ಅಂತ ಇರ್ಲಿಲ್ಲ. ಮಕ್ಕಳು ಎಂದಿನ ಥರ ಕ್ಲಾಸಿಗೆ ಹೋದ್ರು. 9:40ರ ಹೊತ್ತಿಗೆ ಅದೇ ಮನುಷ್ಯ ನಾರಿಸ್ ಹಾಲ್ ಅನ್ನೋ ಕಟ್ಟಡದಲ್ಲಿ ಕ್ಲಾಸ್‌ರೂಮ್‌ಗಳಿಗೆ ನುಗ್ಗಿದ, ಅಲ್ಲೇ 30 ಜನ ಜೀವ ಕಳ್ಕೊಂಡ್ರು, ಒಟ್ಟು 32. ಅವರಲ್ಲಿ ತಮಿಳುನಾಡು ಮೂಲದ ಒಬ್ರು ಪ್ರೊಫೆಸರ್ರೂ ಇದ್ರು, ಮುಂಬೈಯಿಂದ ಓದಕ್ಕೆ ಹೋಗಿದ್ದ ಒಬ್ಳು ಹುಡುಗಿನೂ ಇದ್ಲು. ಬಂದೂಕುಧಾರಿ ಕ್ಯಾಂಪಸ್ಸಲ್ಲೇ ಇದಾನೆ, ಕಟ್ಟಡದೊಳಗೇ ಇರಿ, ಕಿಟಕಿ ಹತ್ರ ಹೋಗ್ಬೇಡಿ ಅನ್ನೋ ಎರಡನೇ ಇಮೇಲ್ ಬಂದಿದ್ದು 9:50ಕ್ಕೆ, ಅಷ್ಟೊತ್ತಿಗೆ ಹೆಚ್ಚೂಕಮ್ಮಿ ಎಲ್ಲಾ ಮುಗಿದಿತ್ತು.

ಆಮೇಲೆ ಬಂದ ತನಿಖಾ ವರದಿಲಿ ನನ್ನನ್ನ ತುಂಬ ಕಾಡಿದ ಒಂದು ವಿಷಯ ಇದೆ. ಕ್ಯಾಂಪಸ್ ಪೊಲೀಸ್ರಿಗೆ ತಾವಾಗೇ ಆ ಮೆಸೇಜ್ ಕಳ್ಸೋಕೆ ಆಗ್ತಿರ್ಲಿಲ್ಲ, ಆಡಳಿತದ ಕಮಿಟಿ ಮೂಲಕನೇ ಹೋಗ್ಬೇಕಿತ್ತು. ಅಂದ್ರೆ ಸ್ಥಳದಲ್ಲಿ ನಿಂತು ಕಣ್ಣಾರೆ ನೋಡಿದವ್ರ ಕೈಲಿ ಬಟನ್ ಇಲ್ಲ, ಬಟನ್ ಇದ್ದವ್ರು ಮೀಟಿಂಗ್ ರೂಮಲ್ಲಿ. ಎರಡು ಗಂಟೆ ಹಾಗೇ ಹೋಯ್ತು.

ಕ್ಯಾಂಪಸ್ ಅಪರಾಧಗಳನ್ನ ಮುಚ್ಚಿಡಬಾರ್ದು ಅಂತ ಅಮೆರಿಕದಲ್ಲಿ 1990ರಲ್ಲೇ ಒಂದು ಕಾನೂನು ಬಂದಿತ್ತು, ಕ್ಲೆರಿ ಆಕ್ಟ್ ಅಂತಾರೆ, 1986ರಲ್ಲಿ ಲೀಹೈ ಯೂನಿವರ್ಸಿಟಿಯ ಹಾಸ್ಟೆಲ್ ರೂಮಲ್ಲೇ ಕೊಲೆಯಾದ ಜೀನ್ ಕ್ಲೆರಿ ಅನ್ನೋ ವಿದ್ಯಾರ್ಥಿನಿ ಹೆಸರಲ್ಲಿ. 2008ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಕ್ಯಾಂಪಸ್ಸಲ್ಲಿ ಜೀವಕ್ಕೆ ಅಪಾಯ ಇದೆ ಅಂತ ಖಚಿತ ಆದ ಕೂಡ್ಲೇ ತಿಳಿಸ್ಬೇಕು, ವರ್ಷಕ್ಕೆ ಒಂದ್ಸಲನಾದ್ರೂ ವ್ಯವಸ್ಥೆನ ಟೆಸ್ಟ್ ಮಾಡ್ಬೇಕು ಅಂತ ಸೇರಿಸಿದ್ರು. ವರ್ಜೀನಿಯಾ ಟೆಕ್‌ಗೆ 2011ರಲ್ಲಿ 55,000 ಡಾಲರ್ ದಂಡನೂ ಬಿತ್ತು, ಆಮೇಲೆ ಕಮ್ಮಿ ಆಯ್ತು ಬಿಡಿ.

ಹಾಗಾಗಿ ಈಗಿನ ಅಲರ್ಟ್ ಬೇರೆ ಥರನೇ ಇರುತ್ತೆ. ವಾಕ್ಯಗಳು ಮೊದ್ಲೇ ರೆಡಿ ಇರ್ತವೆ, ಬಹಳ ಕಡೆ ಕಂಟ್ರೋಲ್ ರೂಮಲ್ಲಿ ಕೂತವ್ರು ಜಾಗದ ಹೆಸರು ತುಂಬಿ ಒತ್ತಿದ್ರೆ ಆಯ್ತು, ಎಸ್ಸೆಮ್ಮೆಸ್ಸು, ಇಮೇಲು, ಸೋಷಿಯಲ್ ಮೀಡಿಯಾ, ಕೆಲವು ಕಡೆ ಲ್ಯಾಬಿನ ಕಂಪ್ಯೂಟರ್ ಸ್ಕ್ರೀನು, ಸೈರನ್ನು ಎಲ್ಲಾ ಕಡೆ ಒಟ್ಟಿಗೆ ಹೋಗುತ್ತೆ. 2016ರ ನವೆಂಬರ್ 28ರಂದು ಓಹಾಯೋ ಸ್ಟೇಟ್ ಯೂನಿವರ್ಸಿಟಿ ಕಳ್ಸಿದ್ದು ನೋಡಿ: ಕ್ಯಾಂಪಸ್ಸಲ್ಲಿ ಶೂಟರ್ ಇದಾನೆ, ಓಡಿ, ಅಡಗಿ, ಬೇರೆ ದಾರಿ ಇಲ್ದಿದ್ರೆ ಹೋರಾಡಿ ಅನ್ನೋ ಅರ್ಥದ ಆರೇಳು ಪದ, ಜೊತೆಗೆ ಒಂದು ಕಟ್ಟಡದ ಹೆಸರು, ಒಂದು ಕ್ರಾಸಿನ ಹೆಸರು. ಮುಗೀತು. ಆಮೇಲೆ ಗೊತ್ತಾಗಿದ್ದೇನಂದ್ರೆ ಅವ್ನು ಕಾರು ನುಗ್ಗಿಸಿ ಚಾಕು ಹಿಡ್ಕೊಂಡು ಬಂದವ್ನು, ಬಂದೂಕು ಇರ್ಲೇ ಇಲ್ಲ, ಗುಂಡು ಹಾರಿಸಿದ್ದು ಅವನನ್ನ ತಡೆದ ಪೊಲೀಸ್ ಆಫೀಸರ್. ವಿವರ ತಪ್ಪಿತ್ತು, ಆದ್ರೆ ಮಾಡ್ಬೇಕಾದ್ದು ಸರಿಯಾಗೇ ಇತ್ತು, ಆ ಜಾಗದ ಕಡೆ ಹೋಗ್ಬಾರ್ದು ಅಂತ ಎಲ್ರಿಗೂ ಗೊತ್ತಾಯ್ತು. ಆ ಮೆಸೇಜ್ ಇರೋದು ಸುದ್ದಿ ಹೇಳೋಕಲ್ಲ, ಮುಂದಿನ ಒಂದು ನಿಮಿಷದಲ್ಲಿ ಅಲ್ಲಿರೋರು ಕಾಲೆತ್ತಿ ಓಡ್ಲಿ ಅಂತ. ನಮಗೆ ಸಮಾಧಾನ ಸಿಗೋ ವಿವರ ಅದ್ರಲ್ಲಿ ಇರಲ್ಲ, ಇರೋ ಹಾಗೂ ಇಲ್ಲ.

ಪೇರೆಂಟ್ಸ್‌ಗೆ ಯಾಕೆ ಬರಲ್ಲ ಅಂದ್ರೆ ಆ ಲಿಸ್ಟ್ ವಿದ್ಯಾರ್ಥಿಗಳದ್ದು, ಸ್ಟಾಫ್‌ದು. ಅಡ್ಮಿಶನ್ ಟೈಮಲ್ಲಿ ನಿಮ್ಮ ನಂಬರ್ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ಕೊಟ್ಟಿರ್ತೀರಲ್ಲ, ಅದೇ ಬೇರೆ, ಅವಳಿಗೇ ಏನಾದ್ರೂ ಆದಾಗ ಮಾತ್ರ ಅದನ್ನ ನೋಡ್ತಾರೆ. ಕೆಲವು ಯೂನಿವರ್ಸಿಟಿಗಳು ಮನೆಯವ್ರ ಇಮೇಲನ್ನೂ ಅಲರ್ಟ್‌ಗೆ ಸೇರಿಸೋಕೆ ಬಿಡ್ತವೆ, ಮಗಳನ್ನ ಕೇಳಿ.

ಆ ಮೌನದ ಹೊತ್ತಲ್ಲೇ ಗಾಳಿಸುದ್ದಿ ಹುಟ್ಟೋದು. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಲಿ 2023ರ ಫೆಬ್ರವರಿ 13ರ ರಾತ್ರಿ ಎಂಟೂವರೆ ಹತ್ರ ಅಲರ್ಟ್ ಹೋಯ್ತು, ನಮಗಿಲ್ಲಿ ಮಾರನೇ ಬೆಳಿಗ್ಗೆ ಏಳು, ಕಾಫಿ ಹೊತ್ತು. ಮೂರು ಗಂಟೆಗೂ ಜಾಸ್ತಿ ಮಕ್ಕಳು ಒಳಗೇ ಅಡಗಿದ್ರು, ಅಷ್ಟರಲ್ಲಿ ಅಲ್ಲೂ ಗುಂಡು, ಇಲ್ಲೂ ಗುಂಡು ಅಂತ ಸುಳ್ಳು ವರದಿಗಳು ಒಂದರ ಹಿಂದೆ ಒಂದು. ನಮ್ಮಲ್ಲಿ ಮಳೆಗಾಲ ಬಂದ್ರೆ ಡಿಸಿ ರಜೆ ಆದೇಶ ಅಂತ ಹಳೇ ಡೇಟ್ ತಿದ್ದಿ ಗ್ರೂಪಿಗೆ ಹಾಕ್ತಾರಲ್ಲ, ಹಾಗೇ ಅದು ಹರಡೋದು, ಆದ್ರೆ ಅಲ್ಲಿ ಅದನ್ನ ನಂಬಿ ಅಡಗಿದ ಜಾಗ ಬಿಟ್ಟು ಓಡಿದವ್ರಿಗೆ ಜೀವದ ಪ್ರಶ್ನೆ. ಅದಕ್ಕೇ ಟೀವಿಲಿ, ಟ್ವಿಟರಲ್ಲಿ ನೋಡಿದ್ದನ್ನ ದಯವಿಟ್ಟು ಮಗಳಿಗೆ ಫಾರ್ವರ್ಡ್ ಮಾಡ್ಬೇಡಿ. ಯೂನಿವರ್ಸಿಟಿಯ ಅಫಿಶಿಯಲ್ ಪೇಜ್ ಒಂದನ್ನೇ ನೋಡಿ, ಅಪಾಯ ಕಳೀತು ಅನ್ನೋ ಮೆಸೇಜ್ ಅಲ್ಲೇ ಬರೋದು.

2025ರ ಆಗಸ್ಟ್‌ನಲ್ಲಿ ವಿಲನೋವಾ ಸೇರಿ ಹಲವು ಕ್ಯಾಂಪಸ್‌ಗಳಿಗೆ ಯಾರೋ ಸುಳ್ಳು ಕಾಲ್ ಮಾಡಿ ಶೂಟರ್ ಇದಾನೆ ಅಂತ ಹೆದರಿಸಿದ್ರು. ಇದ್ರಿಂದ ಮಕ್ಕಳಿಗೆ ಅಲರ್ಟ್ ಅಂದ್ರೆ ಉದಾಸೀನ ಬಂದ್ಬಿಟ್ರೆ ಅನ್ನೋದೇ ನನ್ನ ದೊಡ್ಡ ಚಿಂತೆ. ಸುಳ್ಳು ಅಂತ ಗೊತ್ತಾಗೋದು ಎಲ್ಲಾ ಮುಗಿದ್ಮೇಲೆ, ಮೆಸೇಜ್ ಬಂದ ಕ್ಷಣದಲ್ಲಿ ಅದು ನಿಜ ಅಂತಾನೇ ಓಡ್ಬೇಕು, ಇದನ್ನ ಅವಳಿಗೆ ಕೂರಿಸಿ ಹೇಳಿ.

ಈ ವಾರವೇ ಮಾಡಿಸ್ಬೇಕಾದ್ದು ಒಂದಿಷ್ಟಿದೆ. ನಮ್ಮ ಮಕ್ಕಳು ಅಪ್ಲೈ ಮಾಡೋವಾಗ ಇಂಡಿಯಾ ನಂಬರ್ ಕೊಟ್ಟಿರ್ತಾರೆ, ಅಲ್ಲಿ ಸಿಮ್ ತಗೊಂಡ್ಮೇಲೆ ಪೋರ್ಟಲ್ಲಲ್ಲಿ ಬದಲಾಯಿಸಿರಲ್ಲ, ಅಲರ್ಟ್ ಹಳೇ ನಂಬರಿಗೆ ಹೋಗಿ ಬೀಳುತ್ತೆ, ಅದನ್ನ ಮೊದ್ಲು ಚೆಕ್ ಮಾಡ್ಸಿ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ಲಲ್ಲೂ ಅವಳ ಹೆಸರು ನೋಂದಾಯಿಸಲಿ. ಅವಳ ರೂಮ್‌ಮೇಟ್ ಅಥವಾ ಅದೇ ಊರಲ್ಲಿರೋ ಪರಿಚಯದವ್ರ ಒಬ್ರ ನಂಬರ್ ನಿಮ್ಮ ಹತ್ರ ಇರ್ಲಿ. ಮನೆಲಿ ಅಪ್ಪನೋ ಅಮ್ಮನೋ ಒಬ್ರೇ ಅವಳ ಜೊತೆ ಮಾತಾಡೋದು, ಅತ್ತೆ ಚಿಕ್ಕಪ್ಪ ಎಲ್ರಿಗೂ ಸುದ್ದಿ ನಿಮ್ಮಿಂದಲೇ ಹೋಗ್ಲಿ ಅಂತ ಈಗ್ಲೇ ಹೇಳಿಡಿ. ಇನ್ನೊಂದು, ಅವಳು ಕ್ಯಾಂಪಸ್ ಹೊರಗೆ ಅಪಾರ್ಟ್‌ಮೆಂಟಲ್ಲಿ ಇದ್ರೆ ಅಲ್ಲಿ ಆಗೋದಕ್ಕೆಲ್ಲ ಯೂನಿವರ್ಸಿಟಿ ಅಲರ್ಟ್ ಬರುತ್ತೆ ಅಂತಿಲ್ಲ, ಅದಕ್ಕೆ ಆ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆ ಥರ) ಅಲರ್ಟ್‌ಗೆ ಬೇರೆಯಾಗೇ ಸೈನಪ್ ಆಗ್ಬೇಕು.