ವಯಲ್ ಮೇಲೆ 1 ಮಿಲಿಗ್ರಾಂ ಅಂತಿದ್ದರೆ ಒಳಗೆ ಎಷ್ಟು?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ನೀರು ಬಿಡುತ್ತದೆ. ಲ್ಯಾಬಿನಲ್ಲಿ ತೇವ ತಾಗದಂತೆ ವಸ್ತು ಇಡುವ ಡಬ್ಬಿಯಾದ ಡೆಸಿಕೇಟರ್‌ನಲ್ಲಿರುವ ನೀಲಿ ಸಿಲಿಕಾ ಜೆಲ್ ಬೇಗ ಬೇಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ, ಇಟ್ಟುಕೊಂಡು ಕಾಂಪಿಟಿಷನ್ ಬೈಂಡಿಂಗ್ ಪ್ರಯೋಗ ಮಾಡುವವರ ಲೆಕ್ಕ ಸದ್ದಿಲ್ಲದೆ ತಪ್ಪುವುದೂ ಇದೇ ಕಾಲದಲ್ಲಿ.

ಮೊದಲು ಪ್ರಯೋಗ ಏನು ಅಂತ ಹೇಳಿಬಿಡುತ್ತೇನೆ. ಕಾಫಿ ಬೆಳೆಯುವವರಿಗೆ ಉದಾಹರಣೆ ದೂರದಿಂದ ತರಬೇಕಾಗಿಲ್ಲ. ಮೆದುಳಿನಲ್ಲಿ ಅಡಿನೊಸಿನ್ ಎಂಬ ಅಣು ತನ್ನನ್ನು ಹಿಡಿದುಕೊಳ್ಳುವ ಪ್ರೋಟೀನಿನ, ಅಂದರೆ ರಿಸೆಪ್ಟರಿನ, ಮೇಲೆ ಕೂತರೆ ಜೊಂಪು ಹತ್ತುತ್ತದೆ. ಕೆಫೀನ್ ಅದೇ ಜಾಗಕ್ಕೆ ಹೋಗಿ ಕೂರುತ್ತದೆ, ಆದರೆ ಅಡಿನೊಸಿನ್ ಮಾಡುವ ಕೆಲಸ ಮಾಡುವುದಿಲ್ಲ. ಇಬ್ಬರಿಗೂ ಜಾಗ ಒಂದೇ. ಯಾರ ಹಿಡಿತ ಗಟ್ಟಿ, ಯಾರು ಜಾಸ್ತಿ ಇದ್ದಾರೆ ಎನ್ನುವುದರ ಮೇಲೆ ಜಾಗ ಯಾರಿಗೆ ಎಂದು ತೀರ್ಮಾನವಾಗುತ್ತದೆ.

ಲ್ಯಾಬಿನಲ್ಲಿ ನಾವು ಅಳೆಯುವುದು ಇದನ್ನೇ. ರಿಸೆಪ್ಟರ್ ಅಥವಾ ಆಂಟಿಬಾಡಿ ಇಷ್ಟೇ ಎಂದು ಇಟ್ಟುಕೊಳ್ಳುತ್ತೇವೆ. ಅದಕ್ಕೆ ಅಂಟುವ, ಗುರುತು ಹಚ್ಚಿದ ಒಂದು ಅಣುವನ್ನೂ ಒಂದೇ ಅಳತೆಯಲ್ಲಿ ಹಾಕುತ್ತೇವೆ. ಇದಕ್ಕೆ ಟ್ರೇಸರ್ ಅನ್ನುತ್ತಾರೆ. ಗುರುತು ಅಂದರೆ ಹೊಳೆಯುವ ಬಣ್ಣ ಇರಬಹುದು, ಬಯೋಟಿನ್ ಇರಬಹುದು, ವಿಕಿರಣದ ಅಯೋಡಿನ್ ಇರಬಹುದು. ಆಮೇಲೆ ಗುರುತಿಲ್ಲದ ನಮ್ಮ ಪೆಪ್ಟೈಡನ್ನು ಬಾವಿಯಿಂದ ಬಾವಿಗೆ ಹೆಚ್ಚಿಸುತ್ತಾ ಹೋಗುತ್ತೇವೆ. ಬಾವಿ ಅಂದರೆ ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಪುಟ್ಟ ಗುಳಿ. ಅದು ಜಾಗ ಹಿಡಿದಷ್ಟೂ ಟ್ರೇಸರ್ ಹೊರಬೀಳುತ್ತದೆ, ಗುರುತಿನಿಂದ ಬರುವ ಸಿಗ್ನಲ್ ಇಳಿಯುತ್ತದೆ. ಈ ಇಳಿತವನ್ನು ಗೆರೆಯಾಗಿ ಬರೆದರೆ ಅದೇ ಕರ್ವ್. ಸಿಗ್ನಲ್ ಅರ್ಧಕ್ಕೆ ಬರುವ ಪೆಪ್ಟೈಡ್ ಪ್ರಮಾಣವೇ ಐಸಿ50. 1950ರ ದಶಕದ ಕೊನೆಗೆ ರೊಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ ಅಳೆದದ್ದು ಇದೇ ಉಪಾಯದಿಂದ. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಬರ್ಸನ್ ತೀರಿಕೊಂಡಿದ್ದರು.

ಈಗ ಕೊಡಗಿನ ಜೇನಿಗೇ ಬರೋಣ. ಜೇನುನೊಣದ ವಿಷದಲ್ಲಿ ಅಪಮಿನ್ ಎಂಬ ಪೆಪ್ಟೈಡ್ ಇದೆ. 18 ಅಮೈನೋ ಆಮ್ಲ, ನಡುವೆ ಎರಡು ಗಂಧಕದ ಸೇತುವೆ, ಅಷ್ಟೇ. ನರಕೋಶಗಳ ಒಂದು ಜಾತಿಯ ಪೊಟ್ಯಾಸಿಯಂ ಚಾನಲ್‌ಗೆ ಇದು ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅಂದರೆ ಪಿಕೊಮೋಲಾರ್, ಅಂದರೆ ನ್ಯಾನೋಮೋಲಾರಿನ ಸಾವಿರದಲ್ಲೊಂದು ಭಾಗದ, ಲೆಕ್ಕದಲ್ಲಿ ಮಾತಾಡಬೇಕು. 13 ಮತ್ತು 14ನೇ ಜಾಗದ ಎರಡು ಆರ್ಜಿನಿನ್‌ಗಳೇ ಆ ಹಿಡಿತಕ್ಕೆ ಮುಖ್ಯ. ಇಂಥದ್ದು ಗೊತ್ತಾಗುವುದು ಹೇಗೆ? ಒಂದೊಂದು ಅಮೈನೋ ಆಮ್ಲ ಬದಲಿಸಿದ ಪೆಪ್ಟೈಡ್ ಮಾಡಿಸಿ, ಯಾವುದು ಟ್ರೇಸರನ್ನು ಹೊರಹಾಕುತ್ತದೆ, ಯಾವುದು ಸೋಲುತ್ತದೆ ಎಂದು ನೋಡಿ.

ಹೀಗೆ ಒಂದನ್ನು ಇನ್ನೊಂದಕ್ಕೆ ಹೋಲಿಸುವಾಗಲೇ ತೊಂದರೆ ಶುರು. ಎಂಎಸ್ಸಿ ಹುಡುಗರು ಬಂದು, "ಸರ್, ಕರ್ವ್ ಸಖತ್ತಾಗಿ ಬಂದಿದೆ" ಅನ್ನುತ್ತಾರೆ. ಬಂದೇ ಇರುತ್ತದೆ. ಪೆಪ್ಟೈಡ್ ಪ್ರಮಾಣವನ್ನು ನೀವು ತಪ್ಪಾಗಿ ಲೆಕ್ಕ ಹಾಕಿದ್ದರೂ ಕರ್ವ್‌ನ ಆಕಾರ ಒಂದಿಷ್ಟೂ ಕೆಡುವುದಿಲ್ಲ. ಇಡೀ ಗೆರೆ ಎಡಕ್ಕೋ ಬಲಕ್ಕೋ ಸರಿದು ಕೂರುತ್ತದೆ. ಮೂರು ಸಲ ಮಾಡಿದರೂ ಅದೇ ಉತ್ತರ, ಯಾಕೆಂದರೆ ಮೂರು ಸಲವೂ ಬಳಸಿದ್ದು ಮೊದಲು ಕರಗಿಸಿಟ್ಟ ಅದೇ ದ್ರಾವಣ, ಅದೇ ಸ್ಟಾಕ್.

ಪ್ರಮಾಣ ತಪ್ಪುವುದು ಎಲ್ಲಿ? ಪುಡಿ ಬರುವ ಸಣ್ಣ ಸೀಸೆಯ, ಅಂದರೆ ವಯಲ್‌ನ, ಮೇಲೆ 1 ಮಿಲಿಗ್ರಾಂ, ಶುದ್ಧತೆ ಶೇ 95 ಎಂದು ಬರೆದಿರುತ್ತದೆ. ಶುದ್ಧತೆ ಅಂದರೆ ಒಳಗಿರುವ ಪೆಪ್ಟೈಡ್‌ಗಳಲ್ಲಿ ನಮ್ಮದು ಎಷ್ಟು ಅಂತ. ಪುಡಿಯಲ್ಲಿ ಪೆಪ್ಟೈಡ್ ಎಷ್ಟಿದೆ, ಉಪ್ಪು ಮತ್ತು ನೀರು ಎಷ್ಟಿದೆ ಎನ್ನುವುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಶುದ್ಧ ಮಾಡುವಾಗ ಬಳಸುವ ಟ್ರೈಫ್ಲೂರೊಅಸಿಟಿಕ್ ಆಮ್ಲ, ಅಂದರೆ ಟಿಎಫ್‌ಎ, ಪೆಪ್ಟೈಡ್‌ನ ಒಂದೊಂದು ಕ್ಷಾರೀಯ ಗುಂಪಿಗೂ ಅಂಟಿಕೊಂಡು ಬರುತ್ತದೆ. ಒಂದೊಂದರ ಅಣುತೂಕ 114. ಅಪಮಿನ್‌ನ ತೂಕ ಸುಮಾರು 2027. ಅದರ ಮುಂತುದಿ (ಸರಪಳಿ ಶುರುವಾಗುವ ಕಡೆಯ ಅಮೈನೋ ಗುಂಪು), ಒಂದು ಲೈಸಿನ್, ಎರಡು ಆರ್ಜಿನಿನ್, ಒಂದು ಹಿಸ್ಟಿಡಿನ್ ಸೇರಿ ಐದು ಕಡೆ ಟಿಎಫ್‌ಎ ಕೂತರೆ 570 ಹೆಚ್ಚಾಯಿತು. ತೂಗಿದ ಪುಡಿಯಲ್ಲಿ ಪೆಪ್ಟೈಡ್ ಶೇ 78 ಮಾತ್ರ. ನೀರಿನ ತೂಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ 1000 ತೂಕದ, ಮುಂತುದಿ ಬಿಟ್ಟರೆ ಬೇರೆ ಕ್ಷಾರೀಯ ಗುಂಪಿಲ್ಲದ ಪೆಪ್ಟೈಡ್ ಆದರೆ ಶೇ 90 ಸಿಗುತ್ತದೆ.

ನನಗೆ ಕಸಿವಿಸಿ ಮಾಡುವುದು ಈ ವ್ಯತ್ಯಾಸವೇ. ತಪ್ಪು ಎಲ್ಲರಿಗೂ ಸಮನಾಗಿ ಹಂಚಿಹೋಗಿದ್ದರೆ ಹೋಲಿಕೆ ಹೇಗೋ ನಡೆಯುತ್ತಿತ್ತು. ಇಲ್ಲಿ ಆರ್ಜಿನಿನ್, ಲೈಸಿನ್ ಜಾಸ್ತಿ ಇರುವ ಪೆಪ್ಟೈಡ್‌ಗೆ ಹೆಚ್ಚು ಅನ್ಯಾಯವಾಗುತ್ತದೆ. ಇರುವುದಕ್ಕಿಂತ ದುರ್ಬಲ ಎಂಬ ಹೆಸರು ಅದಕ್ಕೆ ಬರುತ್ತದೆ. ಆದ್ದರಿಂದ ಆರ್ಡರ್ ಕೊಡುವಾಗಲೇ ನೆಟ್ ಪೆಪ್ಟೈಡ್ ಕಂಟೆಂಟ್, ಅಂದರೆ ಪುಡಿಯ ತೂಕದಲ್ಲಿ ಪೆಪ್ಟೈಡ್ ಶೇಕಡಾ ಎಷ್ಟು ಎನ್ನುವ ಸಂಖ್ಯೆ, ಬೇಕು ಎಂದು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ.

ನೀರಿನ ಪಾಲು ನಮ್ಮೂರಿನದು. ಮೈನಸ್ 20ರ ಫ್ರೀಜರ್‌ನಿಂದ ತೆಗೆದ ವಯಲನ್ನು ಜುಲೈನಲ್ಲಿ ಆಗಲೇ ತೆರೆದರೆ ತಣ್ಣಗಿನ ಪುಡಿಯ ಮೇಲೆ ಗಾಳಿಯ ನೀರು ಇಳಿಯುತ್ತದೆ. ಒಂದು ಗಂಟೆ ಡೆಸಿಕೇಟರ್‌ನಲ್ಲಿಟ್ಟು, ಗಾಜು ಕೈಗೆ ತಣ್ಣಗೆ ಅನ್ನಿಸದ ಮೇಲೆ ಮುಚ್ಚಳ ತೆಗೆಯಿರಿ. ಮತ್ತೆ ತೂಗಲು ಹೋಗಬೇಡಿ. ತಕ್ಕಡಿಯ ಮೇಲಿಟ್ಟ ಪುಡಿ ತೇವ ಕುಡಿಯುತ್ತಾ ಹೋಗುತ್ತದೆ, ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ವಯಲಿನ ಪುಡಿಯನ್ನೆಲ್ಲ ಆ ವಯಲಿನಲ್ಲೇ ಕರಗಿಸಿ. ಸಿಸ್ಟೀನ್ ಅಥವಾ ಮೆಥಿಯೊನಿನ್ ಇದ್ದರೆ ಡಿಎಂಎಸ್‌ಒ ಎಂಬ ದ್ರಾವಕ ಬೇಡ, ಅದು ಆಕ್ಸಿಡೈಸ್ ಮಾಡುತ್ತದೆ.

ಕರಗಿಸಿದ ಮೇಲೆ ಪ್ರಮಾಣವನ್ನು ಅಳೆದೇ ತಿಳಿಯಬೇಕು. ಪೆಪ್ಟೈಡ್‌ನಲ್ಲಿ ಒಂದು ಟೈರೋಸಿನ್ ಇದ್ದರೆ 1 ಮಿಲಿಮೋಲಾರ್ ದ್ರಾವಣ 280 ನ್ಯಾನೋಮೀಟರ್‌ನಲ್ಲಿ ಸುಮಾರು 1.49 ಬೆಳಕಿನ ಹೀರಿಕೆ (ಅಬ್ಸಾರ್ಬನ್ಸ್) ತೋರಿಸಬೇಕು. 1.04 ಬಂತು ಅನ್ನಿ, ಕೈಯಲ್ಲಿರುವುದು 0.7 ಮಿಲಿಮೋಲಾರ್. ಟ್ರಿಪ್ಟೊಫಾನ್ ಇದ್ದರಂತೂ ಇನ್ನೂ ಸುಲಭ, ಒಂದಕ್ಕೆ ಇದೇ ಲೆಕ್ಕದಲ್ಲಿ 5.5. ಅಪಮಿನ್‌ನಲ್ಲಿ ಇವೆರಡೂ ಇಲ್ಲ. ವಿಕಿರಣದ ಅಯೋಡಿನನ್ನು ಸಾಮಾನ್ಯವಾಗಿ ಟೈರೋಸಿನ್ ಮೇಲೆ ಕೂರಿಸುತ್ತಾರೆ. ಅಪಮಿನ್‌ನಲ್ಲಿ ಅದನ್ನು ಹಿಸ್ಟಿಡಿನ್ ಮೇಲೆ ಕೂರಿಸಬೇಕಾಗಿ ಬಂದದ್ದು ಇದಕ್ಕೇ. ಇಂಥವಕ್ಕೆ ಅಮೈನೋ ಆಮ್ಲ ವಿಶ್ಲೇಷಣೆ, ಅಂದರೆ ಪೆಪ್ಟೈಡನ್ನು ಒಡೆದು ಅಮೈನೋ ಆಮ್ಲಗಳನ್ನು ಅಳೆಯುವುದು, ಮಾಡಿಸುವುದೇ ದಾರಿ. ಖರ್ಚು ಆಗುತ್ತದೆ, ಆಗಲಿ.

ಇನ್ನು ಕರ್ವ್‌ನ ಇಳಿಜಾರು. ಒಂದೇ ಜಾಗಕ್ಕೆ ನೇರ ಪೈಪೋಟಿ ಇದ್ದರೆ ಸಿಗ್ನಲ್ ಶೇ 90ರಿಂದ 10ಕ್ಕೆ ಇಳಿಯಲು ಪೆಪ್ಟೈಡ್ 81 ಪಟ್ಟು ಹೆಚ್ಚಬೇಕು. ಹತ್ತು ಪಟ್ಟಿನೊಳಗೇ ಧೊಪ್ಪನೆ ಬಿದ್ದರೆ ನಾನು ಮೊದಲು ಟ್ಯೂಬ್ ಕಡೆ ನೋಡುತ್ತೇನೆ. ನ್ಯಾನೋಮೋಲಾರ್ ಮಟ್ಟದಲ್ಲಿ ಪೆಪ್ಟೈಡ್ ಪ್ಲಾಸ್ಟಿಕ್ ಗೋಡೆಗೆ ಅಂಟಿ ಮಾಯವಾಗುತ್ತದೆ. ಬಫರ್‌ಗೆ ಶೇ 0.1 ಬಿಎಸ್‌ಎ ಎಂಬ ಪ್ರೋಟೀನ್ ಹಾಕಿ, ಪೆಪ್ಟೈಡ್ ಕಡಿಮೆ ಅಂಟುವ ಲೋ ಬೈಂಡ್ ಟ್ಯೂಬ್ ಬಳಸಿ. ಇಳಿಜಾರು ತೀರಾ ಚಪ್ಪಟೆಯಾಗಿದ್ದರೆ ದ್ರಾವಣ ತೆಳು ಮಾಡುತ್ತಾ ಹೋಗುವಾಗ (ಡೈಲ್ಯೂಷನ್) ಪಿಪೆಟ್ಟಿನ ಟಿಪ್ ಬದಲಿಸಿದಿರಾ ಅಂತ ಕೇಳಿಕೊಳ್ಳಿ.

ಪ್ರೋಟೋಕಾಲ್‌ನಲ್ಲಿ "ರೂಮ್ ಟೆಂಪರೇಚರ್" ಎಂದಿರುವುದನ್ನು ಸುಮ್ನೆ ನಂಬಬೇಡಿ. ಮಡಿಕೇರಿಯಲ್ಲಿ ಜುಲೈನ ಕೋಣೆ 20 ಡಿಗ್ರಿ ಆಸುಪಾಸು. ಬಯಲುಸೀಮೆಯ ಮೇ ತಿಂಗಳ ಕೋಣೆಯೇ ಬೇರೆ. ತಣ್ಣಗಿದ್ದರೆ ಸಮತೋಲ, ಅಂದರೆ ಅಂಟುವುದೂ ಬಿಡುವುದೂ ಸರಿಸಮ ಆಗುವ ಹಂತ, ತಡವಾಗಿ ಬರುತ್ತದೆ. ಎರಡು ಗಂಟೆಗೂ ನಾಲ್ಕು ಗಂಟೆಗೂ ಐಸಿ50 ಬದಲಾಗುತ್ತಿದ್ದರೆ ಇನ್ನೂ ಕಾಯಬೇಕು. ಇನ್‌ಕ್ಯುಬೇಟರ್ ಯುಪಿಎಸ್ ಮೇಲಿರಲಿ, ಗಾಳಿಮಳೆಗೆ ಕರೆಂಟ್ ಹೋಗುವುದು ಇಲ್ಲಿ ಹೊಸತೇನಲ್ಲ ಅಲ್ವಾ.

ಐಸಿ50 ಬಂದ ಮೇಲೆ ಚೆಂಗ್ ಮತ್ತು ಪ್ರುಸಾಫ್ 1973ರಲ್ಲಿ ಕೊಟ್ಟ ಸೂತ್ರದಿಂದ ನಮ್ಮ ಪೆಪ್ಟೈಡಿನ ಹಿಡಿತದ ಸಂಖ್ಯೆಯಾದ ಕೆಐ ತೆಗೆಯುತ್ತೇವೆ. ಟ್ರೇಸರ್ ಎಷ್ಟು ಹಾಕಿದ್ದೀರಿ ಎಂಬುದನ್ನು ಅದರ ಹಿಡಿತದ ಸಂಖ್ಯೆಯಾದ ಕೆಡಿಯಿಂದ ಭಾಗಿಸಿ, ಒಂದು ಕೂಡಿಸಿ, ಅದರಿಂದ ಐಸಿ50ಯನ್ನು ಭಾಗಿಸಿದರೆ ಮುಗಿಯಿತು. ಒಂದು ಎಚ್ಚರ ಇದೆ. ಬಾವಿಯಲ್ಲಿ ರಿಸೆಪ್ಟರ್ ಎಷ್ಟಿದೆಯೋ ಅದರ ಅರ್ಧಕ್ಕಿಂತ ಕೆಳಗೆ ಐಸಿ50 ಇಳಿಯಲಾರದು. 2 ನ್ಯಾನೋಮೋಲಾರ್ ರಿಸೆಪ್ಟರ್ ಹಾಕಿ ಅಪಮಿನ್‌ನಂಥದ್ದನ್ನು ಅಳೆದರೆ 1 ನ್ಯಾನೋಮೋಲಾರ್ ಬರುತ್ತದೆ, ಅದಕ್ಕಿಂತ ನೂರು ಪಟ್ಟು ಗಟ್ಟಿಯಾದ ಪೆಪ್ಟೈಡ್‌ಗೂ ಅಷ್ಟೇ ಬರುತ್ತದೆ. ಆಗ ರಿಸೆಪ್ಟರ್ ಕಡಿಮೆ ಮಾಡಿ, ಸಿಗ್ನಲ್ ಸಣ್ಣದಾದರೂ ಪರವಾಗಿಲ್ಲ.