ಬರೆದು ಕೊಟ್ಟರೆ ಆಯ್ತಲ್ವಾ?

ಕಿವುಡ ರೋಗಿಯ ಜೊತೆ ಯಾವ ಆಸ್ಪತ್ರೆಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. "ಅವರಿಗೆ ಓದೋಕೆ ಬರುತ್ತಲ್ಲ, ಬರೆದು ಕೊಟ್ಟರೆ ಆಯ್ತಲ್ವಾ? ಈಗಂತೂ ಮಾತನ್ನು ಅಕ್ಷರ ಮಾಡಿ ತೋರಿಸೋ ಆ್ಯಪ್ ಇದೆ." ನಾನು ಸನ್ನೆ ಭಾಷೆಯ ದುಭಾಷಿ. ನನ್ನ ಕೆಲಸ ಉಳಿಸಿಕೊಳ್ಳೋಕೆ ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆಗಲ್ಲ.

ಬಿಪಿ ಇದ್ದ ಒಬ್ಬ ಕಿವುಡರಿಗೆ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು: "ಮಾತ್ರೆ ನಿಲ್ಲಿಸಿದರೆ ತೊಂದರೆ." ಅವರ ಕಣ್ಣಿಗೆ ಬಿದ್ದದ್ದು ಮಾತ್ರೆ, ನಿಲ್ಲಿಸಿ, ತೊಂದರೆ. ಅವತ್ತೇ ನಿಲ್ಲಿಸಿಬಿಟ್ಟರು. ಮನುಷ್ಯ ದಡ್ಡರೇನಲ್ಲ. ಕೆಟ್ಟ ಮೋಟಾರು ಮುಟ್ಟಿ ನೋಡಿಯೇ ಏನಾಗಿದೆ ಅಂತ ಹೇಳಬಲ್ಲವರು. ಆ 'ದರೆ' ಮಾತ್ರ ಅವರಿಗೆ ದಕ್ಕಲಿಲ್ಲ.

ಯಾಕೆ ಅಂದರೆ, ಅಕ್ಷರ ಅನ್ನೋದು ಸದ್ದಿಗೆ ಇಟ್ಟ ಗುರುತು. ನಾವು ನಾಲ್ಕೈದು ವರ್ಷ ಮಾತು ಕೇಳಿಸಿಕೊಂಡು, ಆಮೇಲೆ ಅಕ್ಷರ ಕಲಿತವರು. ಹುಟ್ಟು ಕಿವುಡ ಮಗು ಒಮ್ಮೆಯೂ ಕೇಳದ ಭಾಷೆಯನ್ನು ಬರೀ ಗೆರೆಗಳಿಂದ ಕಲಿಯಬೇಕು. ಅದರ ಸ್ವಂತ ಭಾಷೆ ಸನ್ನೆ. ಸನ್ನೆ ಅಂದರೆ ನಮ್ಮ ಮಾತನ್ನೇ ಕೈಯಲ್ಲಿ ಆಡೋದಲ್ಲ. ಬ್ರಿಟನ್, ಅಮೆರಿಕ ಎರಡೂ ಕಡೆ ಇಂಗ್ಲಿಷೇ ಇದ್ದರೂ ಅಲ್ಲಿನ ಕಿವುಡರ ಸನ್ನೆ ಬೇರೆ ಬೇರೆ. ಅಮೆರಿಕದ ಸನ್ನೆಗೆ ಹತ್ತಿರದ ನಂಟು ಫ್ರಾನ್ಸಿನದ್ದು. 1817ರಲ್ಲಿ ಅಮೆರಿಕದಲ್ಲಿ ಶುರುವಾದ ಕಿವುಡರ ಶಾಲೆಗೆ ಪಾಠ ಹೇಳಲು ಬಂದ ಲೋರಾನ್ ಕ್ಲೆರ್ಕ್ ಫ್ರಾನ್ಸಿನ ಕಿವುಡ ಮೇಷ್ಟ್ರು. ಸನ್ನೆಯ ವ್ಯಾಕರಣದಲ್ಲಿ ಮುಖದ ಪಾಲು ದೊಡ್ಡದು. ಎಷ್ಟೋ ಸನ್ನೆ ಭಾಷೆಗಳಲ್ಲಿ ಹುಬ್ಬು ಏರಿಸಿದರೆ ಅದೇ ವಾಕ್ಯ ಪ್ರಶ್ನೆಯಾಗುತ್ತದೆ. ಸನ್ನೆಯನ್ನು ಮಾತಾಗಿಸುತ್ತೇವೆ ಅಂತ ಆಗಾಗ ಸುದ್ದಿಯಾಗುವ ಕೈಗವಸುಗಳಿಗೆ ಹುಬ್ಬು ಎಲ್ಲಿ ಕಾಣಬೇಕು? ಅದೂ ಹೋಗಲಿ, ಡಾಕ್ಟರು ಹೇಳಿದ್ದು ರೋಗಿಗೆ ತಲುಪೋದು ಹೇಗೆ?

ಎಲ್ಲರೂ ಹೀಗೆ ಅಂತಲ್ಲ. ಚೆನ್ನಾಗಿ ಓದಿ ಬರೆಯುವ ಕಿವುಡರು ಇದ್ದಾರೆ. ದೊಡ್ಡವರಾದ ಮೇಲೆ ಕಿವಿ ಹೋದವರಿಗೆ ಅಕ್ಷರವೇ ಸಾಕಾಗಬಹುದು. ಅವರನ್ನೇ ಕೇಳಿ.

ಶಾಲೆಯಲ್ಲೂ ಇದೇ ಕಥೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸಮ್ಮೇಳನ ಸೇರಿದ ಕಿವುಡ ಮಕ್ಕಳ ಶಿಕ್ಷಕರು ಸನ್ನೆ ಬೇಡ, ಬಾಯಿಮಾತೇ ಸರಿ ಅಂತ ತೀರ್ಮಾನಿಸಿದರು. ಆ ಸಮ್ಮೇಳನದ ಮುಂದಿನ ಪೀಳಿಗೆಯವರು ಅದನ್ನು ತಳ್ಳಿಹಾಕಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಈಗ ಪಾಠದ ವಿಡಿಯೋ ಮೂಲೆಯಲ್ಲಿ ಬೆರಳಗಲದ ದುಭಾಷಿಯನ್ನು ಕೂರಿಸುತ್ತಾರೆ. ಪಕ್ಕದಲ್ಲೇ ಚಿತ್ರ ಓಡುತ್ತಿರುತ್ತದೆ. ಮಗು ಯಾವುದನ್ನು ನೋಡಬೇಕು? ಕೇಳುವುದೂ ನೋಡುವುದೂ ಅದೇ ಎರಡು ಕಣ್ಣಲ್ಲಿ ಅಲ್ವಾ. ಸನ್ನೆ ಮುಗಿಯಲಿ, ಆಮೇಲೆ ಚಿತ್ರ ತೋರಿಸಿ.

ತಂತ್ರಜ್ಞಾನವೇ ಬೇಡ ಅನ್ನುವವಳಲ್ಲ ನಾನು. ಕಂಪ್ಯೂಟರ್ ಗೊಂಬೆ ಸನ್ನೆ ಮಾಡುವುದು ರೈಲಿನ ಪ್ರಕಟಣೆಯಂಥ ಸಿದ್ಧ ಮಾತಿಗೆ ಸರಿ, ಎದುರುಬದುರು ಮಾತುಕತೆಗೆ ಅಲ್ಲ ಅಂತ ಕಿವುಡರ ವಿಶ್ವ ಒಕ್ಕೂಟವೂ ದುಭಾಷಿಗಳ ವಿಶ್ವ ಸಂಘವೂ 2018ರಲ್ಲಿ ಹೇಳಿವೆ. ನನಗೂ ಅದೇ ಸರಿ ಅನ್ನಿಸುತ್ತದೆ. ವಿಡಿಯೋ ಕಾಲ್‌ನಲ್ಲಿ ದುಭಾಷಿ ಸಿಗೋದಂತೂ ನಡುರಾತ್ರಿ ದೊಡ್ಡ ಉಪಕಾರ. ನೆಟ್‌ವರ್ಕ್ ಇದ್ದರೆ.

ಮೊನ್ನೆ ಅಂಥದ್ದೇ ಒಂದು ಕಾಲ್ ಬಂತು. ಪರದೆ ದೊಡ್ಡದಿತ್ತು, ಬೆಳಕು ಚೆನ್ನಾಗಿತ್ತು, ರೋಗಿ ಮಲಗಿದಲ್ಲಿಂದಲೇ ನಾನು ಕಾಣುವ ಹಾಗೆ ಇಟ್ಟಿದ್ದರು. ಖುಷಿಯಾಯಿತು. "ಎಲ್ಲಿ ನೋವು?" ಅಂತ ಕೇಳಿದೆ. ಉತ್ತರವಿಲ್ಲ. ಬಲಗೈಗೆ ಡ್ರಿಪ್ ಹಾಕಿ, ಅಲ್ಲಾಡದಂತೆ ಪಟ್ಟಿಗೆ ಕಟ್ಟಿಬಿಟ್ಟಿದ್ದರು. "ಸಿಸ್ಟರ್, ಮೊದಲು ಆ ಸೂಜಿಯನ್ನು ಎಡಗೈಗೆ ಬದಲಾಯಿಸೋಕೆ ಆಗುತ್ತಾ?" ಅಂದೆ.