ಎಡಿಟ್ ಮಾಡಿದ ವಿಡಿಯೊವನ್ನು ಮತ್ತೆ ಕ್ಯಾಮೆರಾದಲ್ಲೇ ನೋಡಬಹುದಾ?

ಓದುಗರ ಪ್ರಶ್ನೆ: ನನ್ನ ಕ್ಯಾಮೆರಾದಲ್ಲಿ ತೆಗೆದ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ಎಡಿಟ್ ಮಾಡಿ ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿದೆ. ಅದನ್ನು ಅದೇ ಮೆಮೊರಿ ಕಾರ್ಡಿಗೆ ಹಾಕಿದೆ. ಕ್ಯಾಮೆರಾವನ್ನು ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಜೋಡಿಸಿ ಎಲ್ಲರಿಗೂ ತೋರಿಸಬೇಕು ಅಂತ ಆಸೆ. ಆದರೆ ಕ್ಯಾಮೆರಾದಲ್ಲಿ ಆ ವಿಡಿಯೊ ಕಾಣಿಸುವುದೇ ಇಲ್ಲ. ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತದೆ. ಏನು ತಪ್ಪು ಮಾಡಿದೆ?

ನೀವು ಏನೂ ತಪ್ಪು ಮಾಡಿಲ್ಲ. ಫೈಲ್ ಸರಿಯಾಗಿಯೇ ಇದೆ, ಕಾರ್ಡೂ ಸರಿಯಾಗಿದೆ. ತೊಂದರೆ ಏನೆಂದರೆ, ಕ್ಯಾಮೆರಾ ಕಂಪ್ಯೂಟರಿನ ಹಾಗೆ ಕೊಟ್ಟದ್ದನ್ನೆಲ್ಲ ಓಡಿಸುವ ಪ್ಲೇಯರ್ ಅಲ್ಲ. ತಾನು ರೆಕಾರ್ಡ್ ಮಾಡಿದ್ದನ್ನು ತೋರಿಸುವುದಷ್ಟೇ ಅದಕ್ಕೆ ಗೊತ್ತು. ಹೊರಗಿನಿಂದ ಬಂದ ಫೈಲನ್ನು ಅದು ಒಪ್ಪಬೇಕಾದರೆ ಎರಡು ಕಡೆ ಪಾಸಾಗಬೇಕು. ಮೊದಲು ಫೈಲ್ ಅದರ ಕಣ್ಣಿಗೆ ಬೀಳಬೇಕು. ಆಮೇಲೆ ಅದನ್ನು ಓಡಿಸಲು ಅದಕ್ಕೆ ಸಾಧ್ಯವಾಗಬೇಕು.

ಕಣ್ಣಿಗೆ ಬೀಳುವ ವಿಷಯವೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ತೆರೆದರೆ ಡಿಸಿಐಎಂ ಎಂಬ ಫೋಲ್ಡರ್ ಕಾಣುತ್ತದೆ ಅಲ್ವಾ? ಅದು ಡಿಸಿಎಫ್ ಎಂಬ ನಿಯಮದ ಪ್ರಕಾರ ಇರುವುದು. 1998ರಲ್ಲಿ ಜಪಾನಿನಲ್ಲಿ ರೂಪಿಸಿದ ನಿಯಮ ಅದು. ಒಳಗಿನ ಫೋಲ್ಡರಿನ ಹೆಸರು 100ರಿಂದ 999ರ ನಡುವಿನ ಒಂದು ಸಂಖ್ಯೆಯಿಂದ ಶುರುವಾಗಬೇಕು. ಅದರ ಮುಂದೆ ಐದು ಅಕ್ಷರ. ಫೈಲಿನ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. ನೀವು ಪ್ರೀತಿಯಿಂದ ಫೈಲಿಗೆ ಉದ್ದನೆಯ ಹೆಸರು ಕೊಟ್ಟಿದ್ದರೆ ಎಷ್ಟೋ ಕ್ಯಾಮೆರಾಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಷ್ಟೇ ಆಗಿದ್ದರೆ ಹೆಸರು ಬದಲಿಸಿದರೆ ಸಾಕಿತ್ತು. ವಿಡಿಯೊಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. 2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಎಂಬ ವಿಡಿಯೊ ರೆಕಾರ್ಡಿಂಗ್ ಪದ್ಧತಿಯನ್ನು ನೋಡಿ. ಅದರಲ್ಲಿ ವಿಡಿಯೊ ಇರುವುದು ಸ್ಟ್ರೀಮ್ ಎಂಬ ಫೋಲ್ಡರಿನಲ್ಲಿ, ಎಂಟಿಎಸ್ ಫೈಲುಗಳಾಗಿ. ಆದರೆ ಕ್ಯಾಮೆರಾ ನೇರವಾಗಿ ಅಲ್ಲಿಗೆ ಹೋಗಿ ನೋಡುವುದಿಲ್ಲ. ಬೇರೆ ಫೋಲ್ಡರುಗಳಲ್ಲಿ ಪ್ಲೇಲಿಸ್ಟ್ ಫೈಲು, ಪ್ರತಿ ಕ್ಲಿಪ್ಪಿನ ವಿವರದ ಫೈಲು, ಎಲ್ಲಕ್ಕೂ ಮೇಲೆ ಒಂದು ಇಂಡೆಕ್ಸ್ ಫೈಲು ಇರುತ್ತವೆ. ಕ್ಯಾಮೆರಾ ಓದುವುದು ಆ ಪಟ್ಟಿಯನ್ನು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ತರಗತಿಯಲ್ಲೇ ಕೂತಿದ್ದರೂ ಮೇಷ್ಟ್ರು ಅವನ ಹೆಸರು ಕೂಗುವುದಿಲ್ಲ, ಹಾಗೆ. ನೀವು ಎಂಟಿಎಸ್ ಫೈಲನ್ನು ಸರಿಯಾದ ಫೋಲ್ಡರಿಗೇ ಹಾಕಿದರೂ ಪಟ್ಟಿಯಲ್ಲಿ ಅದರ ಹೆಸರು ಸೇರಿರುವುದಿಲ್ಲ.

ಸೋನಿಯ ಎಕ್ಸ್‌ಎವಿಸಿ ಎಸ್ ಪದ್ಧತಿಯಲ್ಲೂ ಹೀಗೇ. ಅಲ್ಲಿ ಫೈಲ್ ಎಂಪಿ4 ಆಗಿಯೇ ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಪ್ರತಿ ಕ್ಲಿಪ್ಪಿನ ಜೊತೆ ಅದರ ವಿವರದ ಒಂದು ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅದಲ್ಲದೆ ಕಾರ್ಡಿನ ಎಲ್ಲ ಕ್ಲಿಪ್ಪುಗಳ ಡೇಟಾಬೇಸ್ ಬೇರೆ. ಫೈಲುಗಳನ್ನು ನಾವು ಕಂಪ್ಯೂಟರಿನಲ್ಲಿ ಕೈಯಾಡಿಸಿದರೆ ಲೆಕ್ಕ ತಪ್ಪುತ್ತದೆ. ನನಗೂ ಒಮ್ಮೆ ಹೀಗಾಗಿತ್ತು. ಎಡಿಟ್ ಮಾಡಿದ ಫೈಲನ್ನು ಸೇರಿಸಿ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದ ತಕ್ಷಣ, ಡೇಟಾಬೇಸ್ ಸರಿಪಡಿಸಲೇ ಎಂದು ಅದು ಕೇಳಿತು. ಆ ಕಾರ್ಡಿನಲ್ಲಿ ಬೇರೆಲ್ಲೂ ಕಾಪಿ ಇಲ್ಲದ ಮೂಲ ವಿಡಿಯೊಗಳಿದ್ದವು. ಏನೂ ಒತ್ತದೆ ಕ್ಯಾಮೆರಾ ಆಫ್ ಮಾಡಿ, ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ. ಆ ಹತ್ತು ನಿಮಿಷದ ಭಯ ಇನ್ನೂ ನೆನಪಿದೆ. ಆದ್ದರಿಂದ ದಯವಿಟ್ಟು ಇಂಥ ಪ್ರಯೋಗಕ್ಕೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಮೂಲ ಶೂಟಿಂಗ್ ಇರುವ ಕಾರ್ಡಿಗೆ ಹೊರಗಿನಿಂದ ಏನನ್ನೂ ಬರೆಯಬೇಡಿ.

ಫೈಲ್ ಕಣ್ಣಿಗೆ ಬಿತ್ತು ಅಂದುಕೊಳ್ಳೋಣ. ಈಗ ಓಡಿಸುವ ಮಾತು. ಕ್ಯಾಮೆರಾದ ಒಳಗೆ ಸಂಕುಚಿಸಿದ ವಿಡಿಯೊವನ್ನು ಬಿಡಿಸಿ ತೋರಿಸುವ ಚಿಪ್ ಇರುತ್ತದೆ. ತಯಾರಕರು ಅದನ್ನು ತಮ್ಮ ಕ್ಯಾಮೆರಾ ರೆಕಾರ್ಡ್ ಮಾಡುವ ಕೆಲವೇ ಬಗೆಗಳಿಗೆ ಹೊಂದಿಸಿರುತ್ತಾರೆ. ನಿಮ್ಮ ಎಕ್ಸ್‌ಪೋರ್ಟ್ ಎಚ್.264 ಎಂಬ ಸಾಮಾನ್ಯ ವಿಡಿಯೊ ಬಗೆಯದಾಗಿದ್ದ ಮಾತ್ರಕ್ಕೆ ಹೊಂದಿಕೆಯಾಯಿತು ಅಂತ ಅಲ್ಲ. ಕ್ಯಾಮೆರಾ ಸೆಕೆಂಡಿಗೆ 29.97 ಫ್ರೇಮ್ ತೆಗೆದಿರುತ್ತದೆ, ಎಡಿಟಿಂಗ್ ತಂತ್ರಾಂಶದಲ್ಲಿ ನೀವು ಪೂರ್ತಿ 30 ಕೊಟ್ಟಿರುತ್ತೀರಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಬಿಟ್‌ರೇಟೂ, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಎಂಬುದೂ, ಹಾಗೆಯೇ. ಎವಿಸಿಎಚ್‌ಡಿಯ ಮೊದಲ ಆವೃತ್ತಿಯಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಗರಿಷ್ಠ ಮಿತಿ, 2011ರ ಎರಡನೇ ಆವೃತ್ತಿಯಲ್ಲಿ 28. ಗುಣಮಟ್ಟ ಚೆನ್ನಾಗಿರಲಿ ಅಂತ ನೀವು 40 ಕೊಟ್ಟರೆ ಅಲ್ಲಿಗೇ ನಿಂತಿತು.

ಧ್ವನಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಎಕ್ಸ್‌ಎವಿಸಿ ಎಸ್‌ನಲ್ಲಿ ಧ್ವನಿ ಸಾಮಾನ್ಯವಾಗಿ ಸಂಕುಚಿಸದ ಎಲ್‌ಪಿಸಿಎಂ ರೂಪದಲ್ಲಿರುತ್ತದೆ. ಎವಿಸಿಎಚ್‌ಡಿಯಲ್ಲಿ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್. ಎಡಿಟಿಂಗ್ ತಂತ್ರಾಂಶಗಳು ಎಂಪಿ4 ಮಾಡುವಾಗ ಹೇಳದೆ ಕೇಳದೆ ಎಎಸಿ ಎಂಬ ಬೇರೆ ಬಗೆಯ ಧ್ವನಿ ಹಾಕಿಬಿಡುತ್ತವೆ, ಅದನ್ನು ಇಂಥ ಕ್ಯಾಮೆರಾ ಒಪ್ಪದಿರಬಹುದು.

ಇಷ್ಟೆಲ್ಲ ಇದ್ದರೂ ಪ್ರಯತ್ನ ಮಾಡಲೇಬೇಕು ಅಂದರೆ ನಾನು ಹೇಳುವ ದಾರಿ ಇದು. ಖಾಲಿ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ. ಅದರಲ್ಲಿ ಸುಮ್ನೆ ಒಂದು ಸಣ್ಣ ಕ್ಲಿಪ್ ರೆಕಾರ್ಡ್ ಮಾಡಿ. ಆ ಕ್ಲಿಪ್ಪನ್ನು ಕಂಪ್ಯೂಟರಿನಲ್ಲಿ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಅದರ ಪೂರ್ತಿ ಜಾತಕ ಸಿಗುತ್ತದೆ: ಗಾತ್ರ, ಫ್ರೇಮ್ ರೇಟ್, ಪ್ರೊಫೈಲ್ ಮತ್ತು ಲೆವೆಲ್ (ಎಚ್.264ರ ಒಳ ಬಗೆಗಳು), ಬಿಟ್‌ರೇಟ್, ಧ್ವನಿಯ ಬಗೆ. ನಿಮ್ಮ ಎಕ್ಸ್‌ಪೋರ್ಟ್ ಸೆಟ್ಟಿಂಗನ್ನು ಅದಕ್ಕೆ ಸಾಲು ಸಾಲಾಗಿ ಹೊಂದಿಸಿ. ಬಂದ ಫೈಲಿಗೆ ಆ ಸಣ್ಣ ಕ್ಲಿಪ್ಪಿನ ಹೆಸರನ್ನೇ ಕೊಟ್ಟು, ಅದರ ಜಾಗದಲ್ಲಿ ಇಡಿ. ಡಿಸಿಐಎಂ ಫೋಲ್ಡರಿನಲ್ಲೇ ವಿಡಿಯೊ ಇಡುವ ಕ್ಯಾಮೆರಾಗಳಲ್ಲಿ ಇದು ಕೆಲವೊಮ್ಮೆ ಫಲಿಸುತ್ತದೆ. ಡೇಟಾಬೇಸ್ ಇರುವ ಪದ್ಧತಿಗಳಲ್ಲಿ ಸಾಧ್ಯತೆ ತೀರಾ ಕಡಿಮೆ, ಏಕೆಂದರೆ ಪಟ್ಟಿಯಲ್ಲಿ ಬರೆದ ಅವಧಿಯೇ ಬೇರೆ, ಫೈಲಿನ ಅವಧಿಯೇ ಬೇರೆ. ಇನ್ನು ಕೆಲವು ಕ್ಯಾಮೆರಾಗಳು ಫೈಲಿನೊಳಗೆ ತಾವೇ ಬರೆದ ಗುರುತಿನ ಮಾಹಿತಿಯನ್ನೂ ಹುಡುಕುತ್ತವೆ. ಎಡಿಟ್ ಮಾಡುವಾಗ ಅದು ಅಳಿಸಿ ಹೋಗಿರುತ್ತದೆ. ಅಲ್ಲಿಗೆ ಕೈಬಿಡುವುದು ಒಳ್ಳೆಯದು.

32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡಾದರೆ ಇನ್ನೊಂದು ಮಾತು. ಅದರಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿಗಿಂತ ಜಾಸ್ತಿ ಇರುವಂತಿಲ್ಲ. ಅದಕ್ಕಿಂತ ದೊಡ್ಡ ವಿಡಿಯೊ ಕಾರ್ಡಿಗೆ ಕಾಪಿ ಆಗದಿರುವುದು ಇದರಿಂದಲೇ.

ಹಿಂದೆ ಟೇಪ್ ಇದ್ದ ಕಾಲದಲ್ಲಿ ಈ ಗೋಳು ಇರಲಿಲ್ಲ. ಮಿನಿ ಡಿವಿ ಕ್ಯಾಮೆರಾಕ್ಕೆ ಫೈರ್‌ವೈರ್ ಕೇಬಲ್ ಹಾಕಿ, ಎಡಿಟ್ ಮಾಡಿದ್ದನ್ನು ವಾಪಸ್ ಟೇಪಿಗೇ ಬರೆಯಬಹುದಿತ್ತು. ಡಿವಿ ಅಂದರೆ ಒಂದೇ ರೂಪ, ವಿಡಿಯೊಗೆ ಒಂದೇ 25 ಮೆಗಾಬಿಟ್ ವೇಗ. ಟೇಪಿನಲ್ಲಿ ಫೋಲ್ಡರೂ ಇಲ್ಲ, ಪಟ್ಟಿಯೂ ಇಲ್ಲ. ಯುರೋಪಿನಲ್ಲಿ ಮಾರುತ್ತಿದ್ದ ಎಷ್ಟೋ ಮಾದರಿಗಳಲ್ಲಿ ಮಾತ್ರ ಈ ಸೌಲಭ್ಯವನ್ನು ಮುಚ್ಚಿರುತ್ತಿದ್ದರು. ಹೊರಗಿನಿಂದ ರೆಕಾರ್ಡ್ ಮಾಡಿಕೊಳ್ಳುವ ಕ್ಯಾಮೆರಾವನ್ನು ವಿಡಿಯೊ ರೆಕಾರ್ಡರ್ ಎಂದು ಎಣಿಸಿ ಜಾಸ್ತಿ ಸುಂಕ ಹಾಕುತ್ತಿದ್ದುದು ಅದಕ್ಕೆ ಕಾರಣ. ಟೇಪಿನ ಅಭ್ಯಾಸ ಇದ್ದವರೇ ಇವತ್ತು ಕಾರ್ಡಿನಲ್ಲೂ ಹಾಗೇ ಆಗಬೇಕು ಅಂತ ಕೇಳುತ್ತಾರೆ. ಆ ಆಸೆ ನ್ಯಾಯವಾದದ್ದೇ.

ನಿಮ್ಮ ಉದ್ದೇಶ ಎಲ್ಲರೂ ಕೂತು ಟಿವಿಯಲ್ಲಿ ನೋಡುವುದಲ್ವಾ? ಹಾಗಾದರೆ ಕ್ಯಾಮೆರಾವನ್ನು ನಡುವೆ ತರಬೇಡಿ. ಅದೇ ಎಂಪಿ4 ಫೈಲನ್ನು ಪೆನ್ ಡ್ರೈವಿಗೆ ಹಾಕಿ ಟಿವಿಯ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಎಚ್.264 ವಿಡಿಯೊ, ಎಎಸಿ ಧ್ವನಿ ಇದ್ದರೆ ಈಗಿನ ಟಿವಿಗಳು ತಕರಾರಿಲ್ಲದೆ ಓಡಿಸುತ್ತವೆ. ಕ್ಯಾಮೆರಾ ಬೇಡ ಅಂದ ಆ ಎಎಸಿಯೇ ಟಿವಿಗೆ ಇಷ್ಟ. ಹಳೆಯ ಟಿವಿಯಾದರೆ ಲ್ಯಾಪ್‌ಟಾಪನ್ನೇ ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿ. ಆ ಕೇಬಲ್ ನಿಮ್ಮ ಬಳಿ ಈಗಾಗಲೇ ಇದೆ. ಕ್ಯಾಮೆರಾ ಕಡೆಯ ತುದಿ ಚಿಕ್ಕದಾಗಿದ್ದರೆ ಮಾತ್ರ ಎರಡೂ ಕಡೆ ದೊಡ್ಡ ತುದಿ ಇರುವ ಇನ್ನೊಂದು ಕೇಬಲ್ ಬೇಕಾಗುತ್ತದೆ.

ನೀವು ಮಾಡಿರುವ ಎಡಿಟಿಂಗ್ ಬರೀ ಹಿಂದೆ ಮುಂದೆ ಕತ್ತರಿಸುವುದಷ್ಟೇ ಆಗಿದ್ದರೆ, ಕ್ಯಾಮೆರಾದ ಮೆನುವಿನಲ್ಲೇ ಟ್ರಿಮ್ ಇದೆಯಾ ನೋಡಿ. ಅಲ್ಲಿ ಕತ್ತರಿಸಿದ ಕ್ಲಿಪ್ಪನ್ನು ಕ್ಯಾಮೆರಾ ತಾನೇ ಬರೆಯುತ್ತದೆ, ಪಟ್ಟಿಗೂ ತಾನೇ ಸೇರಿಸಿಕೊಳ್ಳುತ್ತದೆ.